ಕಡವೆ ಅಜ್ಜಿ ಕೊಳಕ್ಕೆ ಇಳಿದಳು

ಮಕ್ಕಳೇ, ಹೊನ್ನೆ ಮರಗಳ ಒಂದು ಕಾಡಿನಲ್ಲಿ ಬೊಮ್ಮಣ್ಣ ಎಂಬ ಕರಡಿ ಇದ್ದ. ಆ ಕಾಡಿನ ನಡುವೆ ಒಂದು ಕೊಳ. ಕೊಳದ ಪಕ್ಕದ ಬಂಡೆಯಲ್ಲಿ ಹೆಜ್ಜೇನುಗಳ ದೊಡ್ಡ ಸಂಸಾರ. ಪ್ರತಿ ಬೇಸಿಗೆಯಲ್ಲೂ ಆ ಜೇನುಗಳು ಒಂದು ಜೇನುಹುಟ್ಟನ್ನು ಕಾಡಿನವರಿಗೆ ಬಿಟ್ಟುಕೊಡುತ್ತಿದ್ದವು.

"ವಯಸ್ಸಾದವರ ಓಡಾಟ ಸಲೀಸಾಗುವಂಥ ಕೆಲಸ ಏನಾದರೂ ಮಾಡಿ. ದುಡಿದವರಿಗೆ ಈ ಜೇನು ಹಂಚಿ," ಎನ್ನುತ್ತಿದ್ದವು.

ಈ ಸಲದ ಹುಟ್ಟು ಬೊಮ್ಮಣ್ಣನ ಕೈಗೆ ಬಂತು. ಕರಡಿಯ ಕೈಗೆ ಜೇನೇ ಎಂದು ನಗಬೇಡಿ! ಬೊಮ್ಮಣ್ಣ ಒಂದು ಹನಿಯನ್ನೂ ನೆಕ್ಕಲಿಲ್ಲ. ಅವನ ಚಟವೇ ಬೇರೆ. ತಾನು ಮಾಡಿದ್ದು ದೊಡ್ಡದಾಗಿ ಕಾಣಬೇಕು, ನೋಡಿದವರೆಲ್ಲ ಬಾಯಿತುಂಬ ಹೊಗಳಬೇಕು.

"ಮರದ ಮೇಲೊಂದು ಅಟ್ಟಣೆ ಕಟ್ಟೋಣ. ಹಿರಿಯರು ತಂಗಾಳಿಯಲ್ಲಿ ಕೂತು ಕೊಳ ನೋಡಲಿ," ಎಂದು ಮಂಗಗಳನ್ನು ಕರೆಸಿದ.

"ಹಿರಿಯರನ್ನು ಒಂದು ಮಾತು ಕೇಳೋದು ಬೇಡವಾ?" ಎಂದಿತು ಅಲ್ಲೇ ಹಾರಾಡುತ್ತಿದ್ದ ಜೇನುಹುಳು.

"ಕೇಳೋದೇನು ಬಂತು? ಒಂದು ಸಲ ನೋಡಲಿ, ಕುಣಿದಾಡ್ತಾರೆ!"

ಮಂಗಗಳಿಗೆ ಮರ ಹತ್ತುವುದು ಯಾವ ಲೆಕ್ಕ? ನಾಲ್ಕೇ ದಿನದಲ್ಲಿ ಬಿದಿರಿನ ಅಟ್ಟಣೆ ಎದ್ದು ನಿಂತಿತು. ಮಂಗಗಳ ಕೂಲಿಗೇ ಜೇನು ಮುಕ್ಕಾಲು ಪಾಲು ಖಾಲಿಯಾಯಿತು.

ಮುದುಕರೆಲ್ಲ ಬಂದು ಕೆಳಗೆ ನಿಂತು ಕತ್ತೆತ್ತಿ ನೋಡಿದರು. "ಚೆನ್ನಾಗಿದೆಯಪ್ಪಾ," ಎಂದರು. ಒಬ್ಬರೂ ಹತ್ತಲಿಲ್ಲ.

"ನಾಚಿಕೆ ಯಾಕೆ? ಬನ್ನಿ ಮಾಚಜ್ಜ," ಎಂದು ಬೊಮ್ಮಣ್ಣ ಮುದಿ ಆಮೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಸರಸರನೆ ಮರ ಹತ್ತಿದ.

ಮಾಚಜ್ಜ ಮೆಲ್ಲಗೆ ಅತ್ತಿತ್ತ ನೋಡಿದ. "ಗಾಳಿಯೇನೋ ಹಿತವಾಗಿದೆ. ಆದರೆ ಬೊಮ್ಮಣ್ಣ, ನಾನು ನೀರಿಗೆ ಹೋಗಬೇಕಾದರೆ?"

"ನನ್ನನ್ನು ಕೂಗಿ, ಇಳಿಸ್ತೀನಿ."

"ನೀನು ಊಟ ಹುಡುಕಿಕೊಂಡು ಹೋಗಿದ್ದರೆ?"

ಬೊಮ್ಮಣ್ಣ ತಲೆ ಕೆರೆದುಕೊಂಡ. ಕೆಳಗೆ ನೋಡಿದ. ನೆರೆದ ಮುದುಕರಲ್ಲಿ ಕಡವೆ ಅಜ್ಜಿ ದ್ಯಾವಮ್ಮ ಕಾಣಲಿಲ್ಲ.

"ಅಜ್ಜಿ ಯಾಕೆ ಬಂದಿಲ್ಲ?"

"ದಡದಲ್ಲಿ ಜಾರಿ ಬಿದ್ದು ತಿಂಗಳಾಯಿತು. ಅಂದಿನಿಂದ ಕೊಳದ ಕಡೆ ಸುಳಿದಿಲ್ಲ," ಎಂದ ಮಾಚಜ್ಜ. "ಅವಳಿರೋ ಜಾಗದವರೆಗೆ ನಾನು ನಡೆಯಲಾರೆ, ನಾನಿರೋ ನೀರಿಗೆ ಅವಳು ಇಳಿಯಲಾರಳು. ಮಾತಾಡಿ ಎಷ್ಟು ದಿನವಾಯಿತೋ!"

ಬೊಮ್ಮಣ್ಣ ಕೂಡಲೇ ಮಾಚಜ್ಜನನ್ನು ಜೋಪಾನವಾಗಿ ಇಳಿಸಿ, ಅಜ್ಜಿಯ ಬಳಿಗೆ ಓಡಿದ. ದ್ಯಾವಮ್ಮ ಪೊದೆಯ ನೆರಳಲ್ಲಿ ಮಲಗಿದ್ದಳು. ತುಟಿ ಒಣಗಿ ಹೋಗಿತ್ತು. ಅವಳ ಮುಂದಿದ್ದ ಗುಂಡಿಯಲ್ಲಿ ಬೊಗಸೆಯಷ್ಟು ಕೆಸರು ನೀರು ಉಳಿದಿತ್ತು, ಅಷ್ಟೇ. ಅದೂ ಬತ್ತಿದ್ದರೆ?

"ಅಜ್ಜೀ," ಎಂದು ಅವನು ಪಕ್ಕದಲ್ಲಿ ಕುಕ್ಕರಿಸಿದ. "ನಿಮಗೇನು ಬೇಕು ಹೇಳಿ."

"ಹೀಗೆ ಕೇಳಿದವನು ನೀನೇ ಮೊದಲು ಕಣಪ್ಪ," ಎಂದು ಅಜ್ಜಿ ನಕ್ಕಳು. "ದಡ ತುಂಬ ಕಡಿದು. ಕೊಂಚ ಇಳಿಜಾರು ಮಾಡಿದರೆ ಇಳಿದೇನು. ನಡುವೆ ನಿಂತು ಉಸಿರು ಬಿಡೋಕೆ ಒಂದಿಷ್ಟು ಮಟ್ಟಸ ಜಾಗ ಬೇಕು."

"ಅಷ್ಟೇನಾ?"

"ಅಷ್ಟೇ."

ಬೊಮ್ಮಣ್ಣ ತನ್ನ ಕೈಯಾರೆ ಸೋರೆಬುರುಡೆಯಲ್ಲಿ ನೀರು ತಂದು ಅಜ್ಜಿಗೆ ಕುಡಿಸಿದ. ಆಮೇಲೆ ಉಳಿದಿದ್ದ ಚೂರು ಜೇನು ಹಿಡಿದುಕೊಂಡು ಕಾಡುಹಂದಿಗಳ ಹತ್ತಿರ ಹೋದ.

"ಇಷ್ಟೇ ಇರೋದು. ಒಂದು ಹೊತ್ತು ನೆಲ ಅಗೆದು ಕೊಡ್ತೀರಾ?"

"ಅಗೆಯೋಕೆ ಜೇನು ಬೇರೆ ಕೊಡ್ತೀಯಾ!" ಎಂದು ಹಂದಿಗಳು ಕುಣಿಯುತ್ತ ಬಂದವು. ಬಿಸಿಲೇರುವುದರೊಳಗೆ ಇಳಿಜಾರು ಸಿದ್ಧವಾಯಿತು. ಗೊರಸು ಜಾರದಿರಲೆಂದು ಬೊಮ್ಮಣ್ಣನೇ ಕುಕ್ಕೆಯಲ್ಲಿ ಮರಳು ಹೊತ್ತು ತಂದು ಹರಡಿದ.

ದ್ಯಾವಮ್ಮ ಒಂದೊಂದೇ ಹೆಜ್ಜೆ ಇಟ್ಟಳು. ನಡುವೆ ನಿಂತಳು, ಉಸಿರು ಬಿಟ್ಟಳು. ಮತ್ತೆ ಇಳಿದು, ತಣ್ಣನೆಯ ನೀರಿಗೆ ಬಾಯಿ ಹಚ್ಚಿದಳು.

ಪುಳಕ್ಕೆಂದು ಮಾಚಜ್ಜ ತಲೆ ಎತ್ತಿದ. "ಯಾರಿದು, ದ್ಯಾವಮ್ಮನಾ?"

"ಮತ್ತಿನ್ಯಾರು? ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು ಮಾರಾಯ!"

ಮಾತು ಶುರುವಾಯಿತು. ತಿಂಗಳಿಡೀ ಕೂಡಿಟ್ಟ ಮಾತು ಅದು, ಬೇಗ ಮುಗಿಯುವುದುಂಟೇ? ದಡದ ಮೇಲೆ ಕೂತಿದ್ದ ಬೊಮ್ಮಣ್ಣನನ್ನು ಇಬ್ಬರೂ ಮರೆತೇಬಿಟ್ಟರು. ಒಂದು ಹೊಗಳಿಕೆಯೂ ಸಿಗಲಿಲ್ಲ. ಆದರೂ ಅವನು ಗಲ್ಲಕ್ಕೆ ಕೈಯೂರಿ, ಆ ಮಾತು ಕೇಳುತ್ತ, ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.

ನೀತಿ: ಹಿರಿಯರಿಗೆ ನೆರವಾಗುವ ಮುನ್ನ ಅವರಿಗೇನು ಬೇಕೆಂದು ಕೇಳಬೇಕು, ಕೇಳಿ ಮಾಡಿದ ಚಿಕ್ಕ ಕೆಲಸವೂ ಅವರ ಬದುಕನ್ನು ಹಗುರ ಮಾಡುತ್ತದೆ.