ಅದು ನನ್ನದು ಎಂದ ದುರುಗ

"ಕೇಳಿರಿ, ಕೇಳಿರಿ. ಮನೆಗೊಬ್ಬರು ಅರಮನೆಯ ಅಂಗಳಕ್ಕೆ ಬಂದು ಕಾಳರಸ ದೊರೆಗಳ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರ ತಲೆ ನೆಲಕ್ಕೆ. ಅರಮನೆಯ ಆಳುಗಳಿಗೆ ಮಾತ್ರ ವಿನಾಯಿತಿ."

ಈ ಡಂಗುರ ಕೇಳಿ ಊರೆಲ್ಲ ನಡುಗಿತು, ದುರುಗನೊಬ್ಬ ನೆಮ್ಮದಿಯ ಉಸಿರುಬಿಟ್ಟ. ಅವನು ಅರಮನೆಯ ಸಾಣೆಗಾರ. ತಲೆ ಕಡಿಯುವ ಜಟ್ಟಿಯ ಕತ್ತಿ ಮಸೆಯುವುದು ಅವನ ಕೆಲಸ. ಸದ್ಯ, ತನ್ನ ಕುತ್ತಿಗೆ ಉಳಿಯಿತಲ್ಲ ಎಂದುಕೊಂಡ.

ಮೂರರಲ್ಲಿ ಯಾವುದನ್ನು ಮೊದಲು ಕೇಳುವುದು ಎಂಬುದು ದೊರೆಯ ಮರ್ಜಿ. ಸಾಹುಕಾರನ ಮಗನಿಗೆ, "ಹಲ್ಲಿಲ್ಲದ ಬಾಯಿ. ತಿಂದಷ್ಟೂ ಮೊಂಡಾಗುತ್ತದೆ, ಕಲ್ಲು ನೆಕ್ಕಿದರೆ ಮತ್ತೆ ಚುರುಕಾಗುತ್ತದೆ. ಯಾವುದದು?" ಎಂದ.

"ನಮ್ಮಜ್ಜಿಯ ಬಾಯಿ," ಎಂದ ಹುಡುಗ ಮೀಸೆ ತಿರುವಿ. ಜನ ನಗುವಷ್ಟರಲ್ಲಿ ಅವನ ತಲೆ ಉರುಳಿತ್ತು, ಮೀಸೆಯ ಸಮೇತ.

ಪಂಡಿತರಿಗೆ, "ಒಂದು ಹೋದರೆ ಹುಟ್ಟುವುದು. ಹತ್ತು ಜನಕ್ಕೆ ಹಂಚಿದರೂ ಒಬ್ಬೊಬ್ಬರಿಗೂ ಇಡಿಯಾಗಿಯೇ ಸಿಗುವುದು. ಏನದು?" ಎಂದ.

"ವಿದ್ಯೆ," ಎಂದರು ಪಂಡಿತರು. ಅವರ ಕುತ್ತಿಗೆ ಎರಡು ಏಟಿಗೂ ತುಂಡಾಗಲಿಲ್ಲ. ಮಸೆದದ್ದು ಸಾಲದೆಂದು ಜಟ್ಟಿ ದುರುಗನನ್ನೇ ಬೈದ. ಮೂರನೆಯ ಏಟಿಗೆ ಮುಂಚೆ ದುರುಗ ಮತ್ತೆ ಮಸೆದುಕೊಟ್ಟ. ಹೀಗೆ ದಿನಕ್ಕೊಂದರಂತೆ ಮೂವತ್ತೊಂಬತ್ತು ತಲೆ ಬಿದ್ದವು. ಅಂಗಳದ ಕಲ್ಲುಚಪ್ಪಡಿಯ ಸಂದುಗಳಲ್ಲಿ ರಕ್ತ ಒಣಗುವುದೇ ನಿಂತುಹೋಯಿತು.

ನಲವತ್ತನೆಯ ದಿನ ಭಟರು ಒಬ್ಬ ಹೆಂಗಸಿನ ಕೂದಲು ಹಿಡಿದು ಎಳೆದುತಂದರು. ಅವಳು ದುರುಗನನ್ನು ಸಾಕಿದ ಅಕ್ಕ ಕೆಂಚವ್ವ.

"ವಿನಾಯಿತಿ ನಿನಗೆ, ನಿನ್ನ ಮನೆಗಲ್ಲ," ಎಂದು ಜಟ್ಟಿ ಕತ್ತಿ ಚಾಚಿದ. "ಬೇಗ ಮಸೆ."

ದುರುಗ ಕತ್ತಿಯನ್ನು ಮುಟ್ಟದೆ ದೊರೆಯ ಮುಂದೆ ಹೋಗಿ ನಿಂತ. "ನಮ್ಮ ಮನೆಯಿಂದ ನಾನು ಬಂದಿದ್ದೀನಿ ಬುದ್ಧೀ. ಅಕ್ಕನ್ನ ಬಿಡಿ."

"ಬೇಡ ಕಣೋ ತಮ್ಮಾ," ಎಂದು ಕೆಂಚವ್ವ ಅತ್ತಳು. ದೊರೆ ನಕ್ಕು ಮೊದಲೆರಡು ಒಗಟನ್ನೂ ಕೇಳಿದ.

"ಮೊದಲನೇದು ಕತ್ತಿ. ಅಲಗಿಗೆ ನಾವು ಬಾಯಿ ಅಂತೀವಿ. ಕಡಿದಷ್ಟೂ ಮೊಂಡು, ಸಾಣೆಕಲ್ಲಿಗೆ ಹಿಡಿದರೆ ಚುರುಕು. ಎರಡನೇದು ಸಾವಿನ ದುಃಖ. ಒಂದು ತಲೆ ಬಿದ್ದರೆ ತಾಯಿ, ಹೆಂಡತಿ, ಮಗು ಎಲ್ಲರೂ ಇಡೀ ದುಃಖವನ್ನೇ ಹೊತ್ತು ಅಳ್ತಾರೆ. ದಿನಾ ಕೇಳಿದ್ದೀನಿ."

ದೊರೆಯ ನಗು ನಿಂತಿತು. "ಮನೆಮನೆಯಲ್ಲೂ ಇದೆ. ಬಚ್ಚಿಡುತ್ತಾರೆ, ಪಕ್ಕದವರದು ಎನ್ನುತ್ತಾರೆ, ನನ್ನದು ಎನ್ನುವವರಿಲ್ಲ. ಏನದು?"

ದುರುಗ ತನ್ನ ಕೈಗಳನ್ನೇ ನೋಡಿಕೊಂಡ. ಹೇಳುವುದಕ್ಕೆ ನಾಚಿಕೆಯಾಯಿತು. "ತಪ್ಪು, ಬುದ್ಧೀ. ಕೊಂದವನು ಜಟ್ಟಿ ಅಂದುಕೊಂಡೆ ನಾನು. ಅಪ್ಪಣೆ ದೊರೆಗಳದು ಅಂದ ಜಟ್ಟಿ. ತಪ್ಪುತ್ತರ ಕೊಟ್ಟವರದೇ ತಪ್ಪು ಅಂದಿರಿ ತಾವು. ಮೂವತ್ತೊಂಬತ್ತು ಕುತ್ತಿಗೆಗೂ ಕತ್ತಿ ಮಸೆದುಕೊಟ್ಟವನು ನಾನು. ಆ ತಪ್ಪು ನನ್ನದು."

ಇಡೀ ಊರು ಕೇಳಿಸಿಕೊಂಡಿತ್ತು. ಸರಿಯುತ್ತರ ಎಂದು ದೊರೆ ಒಪ್ಪಲೇಬೇಕಾಯಿತು. ಜಟ್ಟಿ ಯಾರನ್ನೂ ಕೇಳದೆ ಕತ್ತಿಯನ್ನು ದುರುಗನ ಮುಂದೆ ಇಟ್ಟ. ದುರುಗ ಅದರ ಬಾಯನ್ನು ಕಲ್ಲಿಗೆ ಬಡಿದು ಬಡಿದು ಮುರಿದುಹಾಕಿದ.

ಅರ್ಧ ರಾಜ್ಯ ಸಿಕ್ಕಿತು. ಆದರೆ ಅವನು ಸಿಂಹಾಸನ ಹತ್ತುವ ಮೊದಲು ನೇಕಾರರ ಕೇರಿಗೆ ಹೋಗಿ ಒಂದು ಬಾಗಿಲು ತಟ್ಟಿದ. ಜಟ್ಟಿಯ ಕತ್ತಿಗೆ ಗಂಡನನ್ನು ಕಳೆದುಕೊಂಡವಳು ಬಾಗಿಲು ತೆಗೆದಳು.

"ಆ ಕತ್ತಿ ಮಸೆದವನು ನಾನು, ತಾಯೀ."

ಅವಳು ಕೈಗೆ ಸಿಕ್ಕಿದ ಕಟ್ಟಿಗೆಯಿಂದ ಹೊಡೆದಳು. ತುಟಿ ಒಡೆದು ರಕ್ತ ಬಂತು. ದುರುಗ ಮುಖ ತಿರುಗಿಸಲಿಲ್ಲ. ಅವಳ ಕೈ ಸೋತ ಮೇಲೆ ತಲೆಬಾಗಿ, ಮುಂದಿನ ಮನೆಯ ಬಾಗಿಲು ತಟ್ಟಿದ.