ಬಿಲ್ಲೆಯವರಿಗೊಂದು ಬೆಲೆ

"ಮಣಿಹಾಳಿನ ಪುರಜನರು ಕೇಳಬೇಕು. ಪಟ್ಟಣಶೆಟ್ಟಿಯ ಪೀಠ ಬರಿದಾಗಿದೆ. ರಾಜಕುಮಾರಿ ಪದುಮಲೆದೇವಿಯವರು ಕೇಳುವ ಮೂರು ಒಗಟುಗಳನ್ನು ಒಡೆದವನಿಗೆ ಪೇಟೆಯ ಆ ಹಿರಿತನ ಸಲ್ಲುತ್ತದೆ. ರಾಜಕುಮಾರಿಯನ್ನೂ ಅವನಿಗೇ ಧಾರೆಯೆರೆದು ಕೊಡಲಾಗುತ್ತದೆ. ಒಂದು ಉತ್ತರ ತಪ್ಪಿದರೂ ಅಮಾವಾಸ್ಯೆಯಂದು ತಲೆ ಹೋಗುತ್ತದೆ."

ಡಂಗುರದವನು ಹೀಗೆ ಸಾರಿ ಮುಂದಿನ ಬೀದಿಗೆ ನಡೆದ.

ಈ ಕಥೆಗೆಲ್ಲ ಮೂಲ ಒಂದು ತಾಮ್ರದ ಬಿಲ್ಲೆ. ದಾರಿಗಳ್ಳರ ಕಾಟ ಹೆಚ್ಚಿದಾಗ ಅರಸ ಚಂದರಸನು ಭಂಡಾರದಲ್ಲಿ ಹಣವಿಟ್ಟ ಜನರಿಗೆ ತನ್ನ ಮುದ್ರೆಯೊತ್ತಿದ ಬಿಲ್ಲೆಗಳನ್ನು ಹಂಚಿದ್ದ. ಅಂಗಡಿಯಲ್ಲಿ ಅದನ್ನು ತೋರಿಸಿದರೆ ಸಾಕು, ನಾಣ್ಯ ಬೇಕಿಲ್ಲ. ವರ್ತಕನ ಹಣವನ್ನು ಅರಮನೆಯ ಭಂಡಾರ ಹುಣ್ಣಿಮೆಯಂದು ಕೊಡುತ್ತಿತ್ತು; ತನ್ನ ಶ್ರಮಕ್ಕೆಂದು ನೂರಕ್ಕೆ ಎರಡನ್ನು ಹಿಡಿದುಕೊಳ್ಳುತ್ತಿತ್ತು. ವರ್ತಕರು ಆ ಎರಡನ್ನು ಗಿರಾಕಿಯ ಮೇಲೆ ಹಾಕಿದರು. ಯಾರೂ ಪ್ರಶ್ನಿಸಲಿಲ್ಲವೆಂದು ಅದನ್ನು ಐದಕ್ಕೆ ಏರಿಸಿದರು. ನಾಣ್ಯ ತಂದವರಿಗೆ ಒಂದು ಬೆಲೆ, ಬಿಲ್ಲೆ ತಂದವರಿಗೆ ಇನ್ನೊಂದು. ಅನ್ಯಾಯ ಚಿಕ್ಕದಾಗಿದ್ದರೆ ಜನ ಅದನ್ನು ರೂಢಿಯೆಂದು ಕರೆದು ಸುಮ್ಮನಾಗುತ್ತಾರೆ. ಮಣಿಹಾಳಿನವರೂ ಸುಮ್ಮನಾದರು.

ಕೋಟೆ ಬಾಗಿಲ ಬಳಿ ಮಂಡಕ್ಕಿ ಮಾರುತ್ತಿದ್ದ ಚೆನ್ನಿಗನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಅವನ ಅಕ್ಕ ಗೌರವ್ವ ಅರಮನೆಯಲ್ಲಿ ಬಟ್ಟೆ ಒಗೆಯುವವಳು. ಅರಮನೆಯ ಆಳುಗಳ ಸಂಬಳ ಭಂಡಾರದಲ್ಲೇ ಇರುತ್ತಿದ್ದುದರಿಂದ ಅವಳಿಗೆ ಬಿಲ್ಲೆಯ ಹೊರತು ಬೇರೆ ದಾರಿಯಿರಲಿಲ್ಲ. ಬಿಲ್ಲೆಯ ಬೆಲೆ ತೆರಲಾಗದೆ ಆ ವರ್ಷ ಅವಳು ಮಗುವಿಗೆ ಹಾಲು ಕೊಳ್ಳುವುದನ್ನು ನಿಲ್ಲಿಸಿದ್ದಳು. ಪಟ್ಟಣಶೆಟ್ಟಿಯಾದವನು ಪೇಟೆಯ ಕಟ್ಟಳೆಯನ್ನು ಬದಲಿಸಬಲ್ಲ. ಚೆನ್ನಿಗನಿಗೆ ಬೇಕಾಗಿದ್ದುದು ಅಷ್ಟೇ.

ಅವನು ಹೊರಟಾಗ ಗೌರವ್ವ ಬಾಗಿಲಿಗೆ ಅಡ್ಡ ನಿಂತಳು. "ಶೆಟ್ಟರ ಮಕ್ಕಳೇ ಸೋತು ಸೆರೆಯಲ್ಲಿ ಕೂತವ್ರೆ. ಮಂಡಕ್ಕಿ ಮಾರೋನ ತಲೆ ಅಂತ ಕತ್ತಿ ಮೆಲ್ಲಗೆ ಬೀಳ್ತದೇನೋ?"

ಮಗುವಿನ ಹಾಲಿನ ಮಾತೆತ್ತಿ ಅವನು ಅವಳ ಬಾಯಿ ಮುಚ್ಚಿಸಿದ.

ಸಭೆಯಲ್ಲಿ ಆ ಹೊತ್ತಿಗಾಗಲೇ ಇಬ್ಬರು ಸೋತಿದ್ದರು. ಜವಳಿ ವರ್ತಕನ ಮಗ ಮೊದಲ ಒಗಟಿಗೇ ಬಿದ್ದಿದ್ದ. ಅಕ್ಕಸಾಲಿಗರ ಹುಡುಗ ಎರಡನೆಯದಕ್ಕೆ 'ಸಂಸಾರ' ಎಂದಿದ್ದ. ಅರಸನಿಗೆ ಆ ಉತ್ತರ ಮೆಚ್ಚಿಕೆಯಾಗಿತ್ತು, ಮಗಳಿಗೆ ಆಗಿರಲಿಲ್ಲ. ಚೆನ್ನಿಗನ ಕಣ್ಣೆದುರಿನಲ್ಲೇ ಒಬ್ಬ ತರುಣ ಪಂಡಿತ ಮೂರನೆಯ ಒಗಟಿನವರೆಗೂ ಹೋಗಿ, ಅದಕ್ಕೆ 'ವಿದ್ಯೆ' ಎಂದ. ವಿದ್ಯೆಯನ್ನು ಕಿತ್ತುಕೊಳ್ಳುವುದು ಹೇಗೆಂದು ರಾಜಕುಮಾರಿ ಕೇಳಿದಳು. ಅವನನ್ನೂ ಕರೆದೊಯ್ದರು. ಒಬ್ಬರ ಸರಿಯುತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಉತ್ತರಗಳನ್ನು ರಾಜಕುಮಾರಿಯ ಕಿವಿಯಲ್ಲಷ್ಟೇ ಹೇಳಬೇಕಿತ್ತು; ತಪ್ಪಿದ್ದನ್ನು ಮಾತ್ರ ಆಕೆ ಸಭೆಗೆ ಸಾರುತ್ತಿದ್ದಳು.

ಚೆನ್ನಿಗ ಮುಂದೆ ಬಂದ. ಪದುಮಲೆ ಮೊದಲನೆಯದನ್ನು ಕೇಳಿದಳು.

"ಅಂಗಡಿಯವನು ಅದನ್ನು ಅಳೆದು ಕೊಡಲಿಲ್ಲ, ಗಿರಾಕಿ ಅದನ್ನು ಮನೆಗೆ ಒಯ್ಯಲಿಲ್ಲ. ಆದರೂ ಇವನು ಮಾರಿದ, ಅವನು ಬೆಲೆ ತೆತ್ತ. ಯಾವುದದು?"

ಚೆನ್ನಿಗ ಯೋಚಿಸಿ, ಬಳಿ ಸಾರಿ, 'ಕಾಯುವುದು' ಎಂದ. ಆಕೆ ಸರಿಯೆಂದು ತಲೆಯಾಡಿಸಿದಳು.

"ಮೂವರು ಕೂಡಿ ಒಂದು ಹೊರೆ ಹೊತ್ತರು. ಲಾಭ ಮೂವರಿಗೂ ಇತ್ತು. ಭಾರ ಮಾತ್ರ ಮಾತಾಡದವನ ಹೆಗಲಿಗೆ ಜಾರಿತು. ಆ ಹೊರೆ ಯಾವುದು?"

'ಅರಸರ ಬಿಲ್ಲೆ' ಎಂದ. ಆಕೆ ಮತ್ತೆ ತಲೆಯಾಡಿಸಿದಳು.

"ಕೊಟ್ಟರೆ ಕೊಟ್ಟವನಿಗೂ ಹೆಚ್ಚು, ಪಡೆದವನಿಗೂ ಹೆಚ್ಚು. ಕಿತ್ತುಕೊಂಡರೆ ಇಬ್ಬರಿಗೂ ಕಡಿಮೆ. ಏನದು?"

"ಕೊಸರು, ತಾಯಿ." ಈ ಸಲ ಅವನು ಬಳಿ ಸಾರುವುದನ್ನು ಮರೆತು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದ.

ಪದುಮಲೆಯ ಮುಖ ಬಾಡಿತು. ತಾನು ನೆನೆದ ಉತ್ತರ ನಂಬಿಕೆ ಎಂದಳು. ಭಟರು ಚೆನ್ನಿಗನ ತೋಳು ಹಿಡಿದರು. ಆಗ ಆಕೆ ತುಸು ತಡೆದು ಕೇಳಿದಳು. "ಕೊಸರು ಎಂದರೇನು?"

ಸಭೆಯಲ್ಲಿ ಯಾರೋ ನಕ್ಕರು. ಅರಸ ಅತ್ತ ನೋಡಿದೊಡನೆ ನಗು ನಿಂತಿತು. ಆಕೆ ಹುಟ್ಟಿದಂದಿನಿಂದ ಒಂದು ಹಿಡಿ ಉಪ್ಪನ್ನೂ ಕೊಂಡವಳಲ್ಲ. ಅರಮನೆಗೆ ಎಲ್ಲವೂ ತೂಗಿಯೇ ಬರುತ್ತಿತ್ತು.

ಚೆನ್ನಿಗ ವಿವರಿಸಿದ. ಸೇರು ಅಳೆದು ಸುರಿದ ಮೇಲೆ ಮಾರುವವನು ಇನ್ನೊಂದು ಹಿಡಿ ತೆಗೆದು ಗಿರಾಕಿಯ ಸೆರಗಿಗೆ ಹಾಕುತ್ತಾನೆ. ಅದಕ್ಕೆ ಕಾಸಿಲ್ಲ. ಅದೇ ಕೊಸರು.

ಹಿಡಿ ಹೋದರೆ ಚೀಲದಲ್ಲಿ ಕಡಿಮೆಯಾಗದೆ ಹೆಚ್ಚಾಗುವುದು ಹೇಗೆಂದು ಮಂತ್ರಿ ಕೇಳಿದ.

"ಆ ಹಿಡಿ ಪಡೆದವಳು ನಾಳೆ ಬೇರೆ ಅಂಗಡಿ ದಾಟಿಕೊಂಡು ನನ್ನ ಹತ್ತಿರವೇ ಬರ್ತಾಳೆ, ಬುದ್ಧಿ. ನಂಬಿಕೆ ಅಂತ ನೀವು ಅನ್ನೋದನ್ನ ನಾವು ಹಾಗೆ ಹಿಡಿಯಲ್ಲಿ ತೆಗೆದು ಕೊಡ್ತೀವಿ. ಈಗ ಪೇಟೆಯವರು ಕೊಸರು ಕೊಡೋದು ಬಿಟ್ಟು, ಬಿಲ್ಲೆ ಕಂಡ ತಕ್ಷಣ ಅವಳ ಸೆರಗಿನಿಂದಲೇ ಒಂದು ಹಿಡಿ ತೆಗೀತಾರೆ. ಅವಳಿಗೂ ಹೋಯ್ತು, ಅವರಿಗೂ ಹೋಯ್ತು."

ಪದುಮಲೆ ಭಟರಿಗೆ ಕೈ ಬಿಡುವಂತೆ ಹೇಳಿದಳು. ತನಗೆ ನಂಬಿಕೆಯ ಹೆಸರಷ್ಟೇ ಗೊತ್ತಿತ್ತು, ಇವನು ವಸ್ತುವನ್ನೇ ತೋರಿಸಿದ್ದಾನೆ, ಉತ್ತರ ಸರಿ ಎಂದಳು.

ಉಳಿದೆರಡು ಉತ್ತರಗಳನ್ನು ಆಕೆಯೇ ಸಭೆಗೆ ಬಿಡಿಸಿ ಹೇಳಿದಳು. ಹುಣ್ಣಿಮೆಯವರೆಗೆ ಕಾಯುವುದಕ್ಕೆ ವರ್ತಕ ಬೆಲೆ ಕಟ್ಟಿದ್ದ. ಗಿರಾಕಿ ತನಗೆ ಸಿಗದ ಸರಕಿಗೆ ಹಣ ಕೊಡುತ್ತಿದ್ದ. ಬಿಲ್ಲೆಯಿಂದ ಭಂಡಾರಕ್ಕೆ ಅದರ ಪಾಲು, ವರ್ತಕನಿಗೆ ಕಳ್ಳರ ಭಯವಿಲ್ಲದ ವ್ಯಾಪಾರ, ಗಿರಾಕಿಗೆ ನಾಣ್ಯ ಹೊತ್ತು ತಿರುಗಬೇಕಿಲ್ಲದ ನಿಶ್ಚಿಂತೆ. ಖರ್ಚು ಮಾತ್ರ ಸಭೆಯಲ್ಲಿ ಬಾಯಿಲ್ಲದ ಗಿರಾಕಿಯದು.

ಪಟ್ಟಣಶೆಟ್ಟಿಯಾದ ಚೆನ್ನಿಗ ಮೊದಲು ಅರಸನನ್ನು ಬೇಡಿ ಸೆರೆಯಲ್ಲಿದ್ದ ಮೂವರ ತಲೆ ಉಳಿಸಿದ. ಆಮೇಲೆ ಕಟ್ಟಳೆ ಮಾಡಿದ. ಭಂಡಾರವು ವರ್ತಕರಿಗೆ ಅಂದಂದೇ ಹಣ ಸಲ್ಲಿಸಬೇಕು. ಅದರ ಶ್ರಮದ ಖರ್ಚನ್ನು ಭಂಡಾರವೂ ವರ್ತಕರೂ ಸಮನಾಗಿ ಹೊರಬೇಕು. ನಾಣ್ಯಕ್ಕೂ ಬಿಲ್ಲೆಗೂ ಬೆಲೆ ಒಂದೇ. ವರ್ತಕರು ಗೊಣಗಿದರು, ಆದರೆ ಅಂಗಡಿ ಮುಚ್ಚಿದವರಿಲ್ಲ. ಗೌರವ್ವನ ಮನೆಯಲ್ಲಿ ಮತ್ತೆ ಹಾಲು ಕಾಯಿತು.

ಮದುವೆಗೆ ಪದುಮಲೆಯದೇ ಒಂದು ಷರತ್ತಿತ್ತು: ತಾನು ಮೊದಲು ಪೇಟೆಯಲ್ಲಿ ಕೊಳ್ಳುವುದನ್ನು ಕಲಿಯಬೇಕು. ಗೌರವ್ವನ ಜೊತೆ ದಿನವೂ ಹೋದಳು. ತೂಕ ನೋಡುವುದು, ಬೆಲೆ ಕೇಳುವುದು ಬೇಗ ಬಂದವು. ಅಳೆದಾದ ಮೇಲೂ ಸೆರಗು ಚಾಚಿ ನಿಂತು 'ಇನ್ನೊಂದು ಹಿಡಿ ಹಾಕಪ್ಪ' ಎನ್ನಲು ಮಾತ್ರ ರಾಜಕುಮಾರಿಗೆ ಒಂದು ತಿಂಗಳೇ ಹಿಡಿಯಿತು.