ಸಾರಿಗೆ ಬೀಳದ ಉಪ್ಪು

“ಗುರುಗಳೇ, ಅಭಾವ ಎಂದರೆ ಇಲ್ಲದಿರುವುದು. ಶಾಸ್ತ್ರದಲ್ಲಿ ಅದನ್ನೂ ಒಂದು ಪದಾರ್ಥವೆಂದು ಎಣಿಸುತ್ತಾರೆ. ಇಲ್ಲದ್ದು ಹೇಗೆ ಪದಾರ್ಥವಾದೀತು?”

ಕೇಳಿದವನು ಶಿಷ್ಯ ತಿರುಮಲ. ತರ್ಕ ತಲೆಗೆ ಹತ್ತದೆ ಬೇಸತ್ತು, ಹೇಳದೆ ಕೇಳದೆ ಊರಿಗೆ ಹೋದವನು ಮೂರು ದಿನದ ಮೇಲೆ ಬಂದಿದ್ದ. ಬಂದದ್ದೂ ಓದುವುದಕ್ಕಲ್ಲ, ಬಿಟ್ಟುಹೋಗಿದ್ದ ಬಟ್ಟೆಯ ಗಂಟು ಒಯ್ಯುವುದಕ್ಕೆ. ಇಷ್ಟು ಮಂದಿ ಜಾಣರ ನಡುವೆ ತಾನೊಬ್ಬ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಅವನಿಗೆ ಅನಿಸಿಬಿಟ್ಟಿತ್ತು. ಈ ಪ್ರಶ್ನೆ ಮಾತ್ರ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಗಂಟಿನ ಕಡೆ ಒಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಮಡಿಯ ಅಡುಗೆ, ನೈವೇದ್ಯವಾಗುವ ತನಕ ರುಚಿ ನೋಡುವಂತಿಲ್ಲ. ಉಪ್ಪು, ಹುಳಿ ಎಲ್ಲವೂ ಕೈಯಂದಾಜು. ಒಂದು ದಿನ ದೊಡ್ಡ ಸಂತರ್ಪಣೆ. ಸಾರು ಕುದಿಯುತ್ತಿತ್ತು. ಅವನು ಉಪ್ಪಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಒಬ್ಬ ಪಂಡಿತ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಪದೇಶಕ್ಕೆ ತೊಡಗಿದ. ‘ಇರುವುದು ಮಾತ್ರ ಪದಾರ್ಥ ಕಣಯ್ಯಾ. ಇಲ್ಲದ್ದು ಏನೂ ಅಲ್ಲ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ.’ ಪಾಪ, ಅಡುಗೆಯವನು ಕೈಮುಗಿದು ಕೇಳಿದ. ಕೇಳುತ್ತಾ ಕೇಳುತ್ತಾ ಉಪ್ಪು ಮರೆತ.

ನೈವೇದ್ಯವಾಯಿತು. ದೇವರು ಏನೂ ಹೇಳಲಿಲ್ಲ. ಪಂಕ್ತಿ ಕೂತಿತು. ಮೊದಲ ತುತ್ತಿಗೇ ಮುಖ ಕಿವಿಚಿದವನು ಅದೇ ಪಂಡಿತ. ‘ಉಪ್ಪೇ ಇಲ್ಲ! ಇವನನ್ನು ಮೊದಲು ಅಡುಗೆಮನೆಯಿಂದ ಓಡಿಸಿ’ ಎಂದು ಕೂಗಾಡಿದ. ಯಜಮಾನನೂ ಕೆಂಡಾಮಂಡಲವಾದ. ಅಡುಗೆಯವನಿಗೆ ಜೀವ ಬಾಯಿಗೆ ಬಂತು. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಅವನು ಪಂಡಿತನ ಕಡೆ ತಿರುಗಿದ.

‘ತಪ್ಪಾಯಿತು ಸ್ವಾಮಿ. ಆದರೆ ಇಲ್ಲದ್ದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಬೆಳಗ್ಗೆ ತಾವೇ ಅಪ್ಪಣೆ ಕೊಡಿಸಿದಿರಿ. ಈಗ ತಮ್ಮ ನಾಲಿಗೆಗೆ ಏನಾಯಿತು?’

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಂಡಿತನಿಗೂ ನಗು ತಡೆಯಲಾಗಲಿಲ್ಲ. ‘ಇವನನ್ನು ಓಡಿಸಬೇಡಿ. ನನ್ನನ್ನು ಅಡುಗೆಮನೆಯ ಹತ್ತಿರ ಬಿಡಬೇಡಿ’ ಎಂದವನೇ ಉಪ್ಪಿಗೆ ಕೈ ಚಾಚಿದ.

ಕತೆ ಕೇಳಿ ತಿರುಮಲ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಗಂಟನ್ನು ಹೆಗಲಿಗೇರಿಸಿದ.

“ಉಪ್ಪಿನ ಮಾತು ಸರಿ ಗುರುಗಳೇ, ಇಲ್ಲದಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ. ನನ್ನಂಥವನು ಇಲ್ಲದಿದ್ದರೆ ಯಾರಿಗೆ ಗೊತ್ತಾದೀತು? ಹೋಗಿ ಬರುತ್ತೇನೆ.”

ಗುರುಗಳು ಹೇಳಿದರು: “ಮೂರು ದಿನವೂ ಸಾರಿಗೆ ಉಪ್ಪು ಬಿದ್ದಿತ್ತಪ್ಪ; ಪಂಕ್ತಿಯಲ್ಲಿ ನೀನಿಲ್ಲದೆ ನನಗೆ ಊಟ ಸೇರಲಿಲ್ಲ.”

ತಿರುಮಲ ಗಂಟು ಇಳಿಸಿದ.